ಬರಿದಲೆಯ ಕಾಕಾ ಮತ್ತು ನಮ್ಮೂರ ಕೆರೆ

ಶಿವಲೀಲಾ, ಮಂಜುನಾಥ, ಸಣ್ಣ ಗಿರೀಶ, ಮೂವರೂ ಮೊಮ್ಮಕ್ಕಳು ಕೇಳಿರಿ. ನಿಮ್ಮ ಅಜ್ಜನಿಗೆ ಒಬ್ಬ ಕಾಕಾ ಇದ್ದರು. ನನ್ನ ಮಾವನವರ ಬೆನ್ನಿಗೆ ಹುಟ್ಟಿದವರು. ಅವರಷ್ಟು ತಿಕ್ಕಲು ಮನುಷ್ಯ ಮುಂಡರಗಿ ಸೀಮೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟದೇ ಇದ್ದದ್ದು ಸೀಮೆಗೆ ಒಳ್ಳೆಯದೇ ಆಯಿತು. ಊರಿಗೆ ಅಂಥವರು ಒಬ್ಬರಿದ್ದರೆ ಕೆರೆ ತುಂಬೀತು, ಇಬ್ಬರಿದ್ದರೆ ಊರೇ ಖಾಲಿಯಾದೀತು!

ನಾನು ಡೋಣಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಮಂದಿಯ ಮುಂದೆ ಮಾತಾಡು ಎಂದರೆ ಇಂದಿಗೂ ಬಾಗಿಲ ಹಿಂದೆ ಸರಿಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಳೆ ನನ್ನ ಮುಖ ನೋಡುವುದಿಲ್ಲವಲ್ಲ.

ನಾನು ಸೊಸೆಯಾಗಿ ಬಂದ ಊರಿನಲ್ಲಿ ಬಾವಿಗಳೆಲ್ಲ ಸವಳು. ಆ ನೀರಿನಲ್ಲಿ ತೊಗರಿ ಬೇಳೆಯನ್ನು ಬೆಳಗಿನಿಂದ ಕುದಿಸಿದರೂ ಅದು ಹಾಕಿದ ಹಾಗೆಯೇ ಪಾತ್ರೆಯೊಳಗಿಂದ ನಮ್ಮನ್ನು ನೋಡುತ್ತಿತ್ತು. ಸಿಹಿನೀರು ಸಿಗುತ್ತಿದ್ದದ್ದು ಊರ ಕೆರೆಯಲ್ಲಿ ಮಾತ್ರ. ಆ ಕೆರೆಯೋ, ಅಜ್ಜ ಮುತ್ತಜ್ಜರ ಕಾಲದಿಂದ ಹೂಳು ತುಂಬಿ ತುಂಬಿ, ಊಟದ ತಾಟಿನಷ್ಟು ಆಳ ಉಳಿದಿತ್ತು. ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಪೂರ್ತಿ ಒಣಗಿ ಬಿರಿಯಿತು. ಇನ್ನೊಂದು ಬೇಸಿಗೆ ಹೀಗೇ ಆದರೆ ಊರು ಬಿಡುವುದೊಂದೇ ದಾರಿ ಎಂದು ಹೆಂಗಸರೆಲ್ಲ ಮಾತಾಡಿಕೊಳ್ಳುತ್ತಿದ್ದೆವು.

ಚಾವಡಿಯಲ್ಲಿ ಹಿರಿಯರು ಕೂಡಿದರು. ಹೂಳು ತೆಗೆಯಬೇಕು ಎಂದು ಎಲ್ಲರೂ ಒಪ್ಪಿದರು. ಒಪ್ಪುವುದರಲ್ಲಿ ನಮ್ಮೂರವರು ಎಂದೂ ಹಿಂದೆ ಬಿದ್ದವರಲ್ಲ. ಮರುದಿನ ಬೆಳಿಗ್ಗೆ ಕೆರೆಯಂಗಳಕ್ಕೆ ಬಂದವರು ಯಾರು? ಗುದ್ದಲಿ ಹಿಡಿದ ಕಾಕಾ ಮತ್ತು ಒಂದು ನಾಯಿ. ಬಿಸಿಲೇರಿದ ಮೇಲೆ ನಾಯಿಯೂ ಮನೆಗೆ ಹೋಯಿತು.

ಅಂದು ಸಂಜೆ ಕಾಕಾ ಚಾವಡಿಯ ಮುಂದೆ ನಿಂತು ತಲೆಯ ರುಮಾಲು ಬಿಚ್ಚಿದರು.

"ಕೆರಿ ತುಂಬಿ ಕೋಡಿ ಹರಿಯೂತನಕ ನಾ ರುಮಾಲ ಸುತ್ತಂಗಿಲ್ಲ. ದಿನಾ ಈ ಬರಿದಲಿ ನೋಡ್ಕೋತ ಕುಂಡ್ರಿ."

"ಆ ಕೋಡಿ ಹರಿದಿದ್ದು ನಮ್ಮಪ್ಪನೂ ನೋಡಿಲ್ಲೋ. ನಿನ್ನ ತಲಿ ಬಿಸಲಿಗೆ ಒಣಗಿ ಹೋದೀತು" ಎಂದರು ಒಬ್ಬ ಹಿರಿಯರು.

"ಒಣಗವಲ್ದ್ಯಾಕ. ಕೆರಿ ಒಣಗೇತಲ್ಲ, ಅದಕ್ಕ ಜೋಡಿ ಆಕ್ಕೈತಿ."

ನಿಮಗೆ ಇದು ದೊಡ್ಡದೆನಿಸಲಿಕ್ಕಿಲ್ಲ. ಆ ಕಾಲದಲ್ಲಿ ಗಂಡಸು ರುಮಾಲಿಲ್ಲದೆ ಹೊಸ್ತಿಲು ದಾಟಿದನೆಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದು ಅರ್ಥ. ಕಾಕಾ ಅದೇ ತಲೆಯಲ್ಲಿ ಮುಂಡರಗಿ ಸಂತೆಗೆ ಹೋದರು. ಹಿರೇವಡ್ಡಟ್ಟಿಯ ನಮ್ಮ ಬೀಗರೊಬ್ಬರು ಮೆಣಸಿನಕಾಯಿ ರಾಶಿಯ ಆಚೆಯಿಂದ ಅವರನ್ನು ನೋಡಿದರು. ಸಂತೆಯ ನಡುವೆ ಸಾವಿನ ಮಾತು ಕೇಳುವುದು ಹೇಗೆ? ಕೇಳಲಿಲ್ಲ. ಆ ಮನೆಯಲ್ಲಿ ಹಿರಿಯರು ಯಾರು, ಅಣ್ಣ. ಹೋದವರು ಅಣ್ಣನೇ ಎಂದು ತಾವೇ ತೀರ್ಮಾನ ಮಾಡಿಕೊಂಡು ಊರಿಗೆ ಹೋಗಿ ಖಬರು ಮುಟ್ಟಿಸಿದರು.

ಮರುದಿನ ಬೆಳಿಗ್ಗೆ ನಮ್ಮ ಅಂಗಳಕ್ಕೆ ಒಂದು ಚಕ್ಕಡಿ ತುಂಬ ಹೆಂಗಸರು ಬಂದಿಳಿದರು. ಸೆರಗು ಬಾಯಿಗೆ ಹಚ್ಚಿಕೊಂಡು, ಮನೆಯ ದೊಡ್ಡ ದೀಪ ಆರಿತಲ್ಲೋ ಎಂದು ಹಾಡಿಕೊಂಡು ಅಳುತ್ತ ಬಾಗಿಲು ಬಡಿದರು. ಬಾಗಿಲು ತೆಗೆದವರು ನನ್ನ ಮಾವನವರೇ. ಬಾಯಲ್ಲಿ ಬೇವಿನ ಕಡ್ಡಿ ಇತ್ತು. ಮುಂದಿದ್ದ ಮುದುಕಿಯ ಅಳು ನಡುವೆಯೇ ನಿಂತಿತು.

"ಯಣ್ಣಾ, ನೀನ ಅದಿಯಲ್ಲೋ?"

"ಅದೀನವಾ. ಯಾರು ಹೋಗ್ಯಾರ?"

"ನೀನ ಹೋಗಿದ್ದಿ."

ಮಾವನವರು ಬೇವಿನ ಕಡ್ಡಿ ಬಾಯಿಂದ ತೆಗೆದು, "ಆತು ಬರ್ರಿ, ಹೊರಗ ಬಿಸಲೈತಿ. ಒಳಗ ಕುಂತು ಅಳ್ರಿ" ಎಂದರು. ಅಷ್ಟು ದೂರ ಬಂದವರು, ಅರ್ಧ ಅಳು ಗಂಟಲಲ್ಲೇ ಉಳಿದಿದೆ, ಹಾಗೇ ತಿರುಗಿ ಹೋಗಲು ಆಗುತ್ತದೆಯೆ? ಹಿಂದೆಂದೋ ತೀರಿಹೋದ ಮಾವನವರ ತಾಯಿಯ ಹೆಸರಿನಲ್ಲಿ ಉಳಿದದ್ದನ್ನು ಅತ್ತು ಮುಗಿಸಿ, ಜುಣಕ ರೊಟ್ಟಿ ಉಂಡು ಹೋದರು.

"ಬದುಕಿದ್ದಾಗ ನನ್ನ ಕೊಂದಿಯಲ್ಲೋ" ಎಂದು ಮಾವನವರು ತಮ್ಮನ ಮೇಲೆ ಹಾರಾಡಿದರು.

"ನೀ ಸಾಯದಿದ್ರೂ ಒಂದು ಚಕ್ಕಡಿ ಮಂದಿ ಅಳಾಕ ಬಂದ್ರು. ಕೆರಿ ಖರೇನ ಸಾಯಾಕತ್ತೈತಿ, ಒಬ್ರರೆ ಬಂದ್ರೇನು?"

ಈ ಮಾತು ಊರೆಲ್ಲ ತಿರುಗಾಡಿತು. ಜನ ನಕ್ಕರು. ನಕ್ಕ ಮೇಲೆ ಸುಮ್ಮನಿರಲು ನಾಚಿಕೆಯಾಗಿರಬೇಕು, ಒಬ್ಬೊಬ್ಬರೇ ಗುದ್ದಲಿ ತಂದರು. ಚಕ್ಕಡಿಗಳು ಬಂದವು. ಆದರೂ ಹೂಳು ಅಷ್ಟಿತ್ತು, ಕೈಗಳು ಇಷ್ಟೇ ಇದ್ದವು. ಅದಕ್ಕೆ ಕಾಕಾ ಒಂದು ಕಾನೂನು ಮಾಡಿದರು. ಊರ ದಾರಿ ಕೆರೆಯ ಏರಿಯ ಮೇಲೆಯೇ ಹಾದುಹೋಗುತ್ತಿತ್ತು. ಏರಿಯನ್ನು ಯಾರೂ ಖಾಲಿ ಕೈಯಲ್ಲಿ ದಾಟುವಂತಿಲ್ಲ, ಕೆಳಗಿಳಿದು ಒಂದು ಬುಟ್ಟಿ ಮಣ್ಣು ಮೇಲೆ ತಂದು ಸುರಿದು ಮುಂದೆ ಹೋಗಬೇಕು. ಬಳೆಗಾರ ಹೊತ್ತ, ಜಂಗಮರು ಹೊತ್ತರು, ಬಾಕಿ ವಸೂಲಿಗೆ ಬಂದವನೂ ಹೊತ್ತ. ಒಮ್ಮೆ ಒಂದು ಮದುವೆಯ ದಿಬ್ಬಣವೇ ಬಂತು. ಕಾಕಾ ಮದುಮಗನ ಚಕ್ಕಡಿಗೆ ಅಡ್ಡ ನಿಂತರು.

ಮದುಮಗನ ಸೋದರಮಾವ ಮೀಸೆ ತಿರುವಿದ. "ಯಾರಿಗೆ ಬುಟ್ಟಿ ತೋರ್ಸಾಕತ್ತೀರಿ? ನಾವು ಬೀಗರು ಅದೀವಿ."

"ಗೊತ್ತೈತ್ರಿ. ಬೀಗರಿಗೆ ಅಂತನ ಸಣ್ಣ ಬುಟ್ಟಿ ಬ್ಯಾರೆ ಇಟ್ಟೀವಿ."

ಬಾಸಿಂಗ ಕಟ್ಟಿದ ತಲೆಯ ಮೇಲೆ ಬುಟ್ಟಿ ಹೊತ್ತು ಏರಿ ಹತ್ತಿದ ಆ ಮದುಮಗನನ್ನು ಊರು ಬಹಳ ದಿನ ಮರೆಯಲಿಲ್ಲ. ಹುಡುಗಿಯ ತಾಯಿಗೆ ಮಾತ್ರ ಸಮಾಧಾನ: "ಅಳಿಯಾ ದುಡಿಯಾಂವ ಅದಾನ, ಕಣ್ಣಾರೆ ನೋಡಿದ್ವಿ."

ಹೂಳೇನೋ ಒಂದಿಷ್ಟು ಹೋಯಿತು. ನೀರು ಬರಬೇಕಲ್ಲ? ಕಪ್ಪತಗುಡ್ಡದ ಕಡೆಯಿಂದ ಮಳೆನೀರು ಒಂದು ಕಾಲುವೆಯಲ್ಲಿ ಹರಿದು ನಮ್ಮ ಕೆರೆಗೆ ಸೇರಬೇಕಿತ್ತು. ಆ ಕಾಲುವೆಯ ಮೇಲಿನ ಅರ್ಧ ಪಕ್ಕದೂರಿನ ಹದ್ದಿನಲ್ಲಿ, ಅಂದರೆ ಅವರ ಗಡಿಯೊಳಗೆ ಇತ್ತು. ನಾವು ಮುಂಬಯಿ ಇಲಾಖೆಯವರು, ಪಕ್ಕದೂರಿನವರು ಶಿರಹಟ್ಟಿ ಕಡೆಯ ಸಂಸ್ಥಾನದವರು. ನಡುವೆ ಒಂದು ಹದ್ದಿನ ಕಲ್ಲು. ನಮ್ಮವರು ಕಲ್ಲಿನವರೆಗೆ ಕಾಲುವೆಯ ಹೂಳು ಬಳಿದು ಕೈ ಝಾಡಿಸಿಕೊಂಡರು. ಕಲ್ಲಿನಾಚೆ ಕಾಲುವೆಯಲ್ಲಿ ಜಾಲಿಗಿಡ ಬೆಳೆದಿತ್ತು, ನೀರು ಅಡ್ಡಾದಿಡ್ಡಿ ಹರಿದು ಹೊಲ ಕೊರೆಯುತ್ತಿತ್ತು.

ಸ್ವಾತಂತ್ರ್ಯ ಬಂದ ದಿನ ಶಾಲೆಯಲ್ಲಿ ಸಕ್ಕರೆ ಹಂಚಿದರು. ಕಾಕಾ ಸಕ್ಕರೆ ಬಾಯಿಗೆ ಹಾಕಿಕೊಂಡವರೇ ಪಕ್ಕದೂರಿನ ಗೌಡರ ಮನೆಗೆ ಹೋದರು.

"ಗೌಡ್ರ, ಸ್ವರಾಜ್ಯ ಬಂತು. ಇನ್ನರೆ ಕಾಲಿವಿ ಹೂಳು ತೆಗಸ್ರಿ."

"ಅದು ನಿಮಗ ಬಂದೈತ್ರಿ. ನಮಗ ಇನ್ನೂ ರಾಜರ ಅದಾರ. ದರಬಾರದಿಂದ ಹುಕುಮ್ ಬರಬೇಕು."

"ಮಳಿ ಯಾರ ಹುಕುಮ್ ಕೇಳತೈತ್ರಿ?"

"ನಮ್ಮ ಹದ್ದಿನ್ಯಾಗ ಬಿದ್ದ ಮಳಿ ನಮ್ಮ ರಾಜರ ಮಳಿ" ಎಂದರು ಗೌಡರು. ಕೆಟ್ಟ ಮನುಷ್ಯರಲ್ಲ, ಹುಕುಮ್ ಇಲ್ಲದೆ ಸೀನಲಿಕ್ಕೂ ಹೆದರುವವರು.

ಕಾಕಾ ನೇರವಾಗಿ ಕಲ್ಲು ದಾಟಿ ಅಗೆಯತೊಡಗಿದರು. ಸಂಸ್ಥಾನದ ಸಿಪಾಯಿ ಹಿಡಿದು ಚಾವಡಿಯಲ್ಲಿ ಕೂಡಿಸಿದ. ಪರರಾಜ್ಯದ ಕೆಸರು ತೆಗೆದವನಿಗೆ ಏನು ಶಿಕ್ಷೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಳಿಯುವವರೆಗೆ ಗೌಡತಿಯ ಮನೆಯಿಂದ ಅವರಿಗೆ ರೊಟ್ಟಿ, ಬೇಳೆ, ಬದನೆಕಾಯಿ ಎಣ್ಣೆಗಾಯಿ, ಮೊಸರು ಬಂತು. ಬಿಡುಗಡೆಯಾಗಿ ಬಂದಾಗ ಕಾಕಾನ ಗಲ್ಲ ತುಂಬಿಕೊಂಡಿದ್ದವು.

"ಜೇಲು ಛಲೋ ಐತಿ" ಎಂದು ಮನೆಯಲ್ಲಿ ವರದಿ ಕೊಟ್ಟರು. "ಬ್ಯಾಳಿ ಒಂದು ಬೆಂದಿರಲಿಲ್ಲ."

ಹೇಳುತ್ತಿದ್ದಂತೆ ತಾಟಿನ ಮುಂದೆ ಕೈ ನಿಂತಿತು. ಪಕ್ಕದೂರಿನ ಬಾವಿಗಳೂ ಸವಳು ಎಂಬುದು ಅವರಿಗೆ ಹೊಳೆದದ್ದು ಆಗಲೇ.

ಮುಂದಿನ ವರ್ಷ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು. ಕಾಕಾ ಮತ್ತೆ ಓಡಿದರು. ಗೌಡರು ಕೈ ಚೆಲ್ಲಿದರು: "ಹಳೇ ಹುಕುಮ್ ಕೊಡಾವ್ರು ಹೋದ್ರು, ಹೊಸಾ ಹುಕುಮ್ ಕೊಡಾವ್ರು ಯಾರಂತ ಗೊತ್ತಿಲ್ಲ." ಈ ಸಲ ಕಾಕಾ ಜಗಳ ಮಾಡಲಿಲ್ಲ. ಹಿತ್ತಲ ಬಾಗಿಲಿಗೆ ಹೋಗಿ ಗೌಡತಿಗೆ ಹೇಳಿದರು: ನಮ್ಮ ಕೆರೆಯ ನಡುವೆ ಈಗ ಸ್ವಲ್ಪ ಸಿಹಿನೀರು ನಿಂತಿದೆ, ನಿಮ್ಮೂರಿನ ಹೆಂಗಸರು ಬಂದು ತುಂಬಿಕೊಂಡು ಹೋಗಲಿ, ಯಾರೂ ಬೇಡ ಎನ್ನುವುದಿಲ್ಲ, ಬರುವಾಗ ಕಾಲುವೆಯಿಂದ ಒಬ್ಬೊಬ್ಬರು ಒಂದು ಬುಟ್ಟಿ ಮಣ್ಣು ದಂಡೆಗೆ ಹಾಕಿ ಬಂದರೆ ಸಾಕು.

ಗೌಡರು ಒಂದು ದಿನ ಹೊಲಕ್ಕೆ ಹೋಗುವಾಗ ನೋಡುತ್ತಾರೆ, ತಮ್ಮ ಹೆಂಡತಿಯೇ ಕಚ್ಚೆ ಹಾಕಿ ಕಾಲುವೆಯಲ್ಲಿ ನಿಂತಿದ್ದಾಳೆ.

"ಏನ ಮಾಡಾಕತ್ತಿಯ? ಹುಕುಮ್ ಇನ್ನ ಬಂದಿಲ್ಲ."

"ನಿಮ್ಮ ಹುಕುಮ್ ಬ್ಯಾಳಿ ಬೇಯಸ್ತೈತೇನು? ಬರ್ರಿಲ್ಲೆ, ಬುಟ್ಟಿ ಎತ್ತಾಕ ಒಂದು ಕೈ ಹಚ್ರಿ."

ಗೌಡರು ಆಚೀಚೆ ನೋಡಿ ಕೈ ಹಚ್ಚಿದರು. ಹುಕುಮ್ ಸಿಕ್ಕಿತಲ್ಲ!

ಆದರೆ ಮಳೆ ಬರಬೇಕಲ್ಲ. ಒಂದು ವರ್ಷ ಬಂದರೆ ಎರಡು ವರ್ಷ ಇಲ್ಲ. ಕೆರೆ ಅರ್ಧ ತುಂಬುವುದು, ಮತ್ತೆ ಇಳಿಯುವುದು. ಇದ್ದ ನೀರನ್ನು ಕಾಕಾ ಕಾವಲು ಕಾದರು. ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ, ಅರಿವೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ. ಒಂದು ಮಧ್ಯಾಹ್ನ ಯಾವುದೋ ಎಮ್ಮೆ ಕೆರೆಗಿಳಿದು ಆರಾಮಾಗಿ ಕಣ್ಣು ಮುಚ್ಚಿಕೊಂಡಿತ್ತು. ಕಾಕಾ ಅದನ್ನು ಚಾವಡಿಗೆ ಎಳೆದು ತಂದು, ಅದರ ಒಂದು ವಾರದ ಹಾಲು ಹೂಳು ತೆಗೆಯುವವರ ಚಹಾಕ್ಕೆ ಎಂದು ಶಿಕ್ಷೆ ಹೇಳಿದರು. ಆಮೇಲೆ ನೋಡಿದರೆ ಎಮ್ಮೆ ನಮ್ಮದೇ. ಶಿಕ್ಷೆ ತಿರುಗಲಿಲ್ಲ. ನನ್ನ ಅತ್ತೆ ವಾರವಿಡೀ ಕರೀ ಚಹಾ ಕುಡಿದು, "ಈಜಿದ್ದು ಎಮ್ಮಿ, ಜೇಲು ನನಗ" ಎನ್ನುತ್ತಿದ್ದರು.

ಇದರ ನಡುವೆ ಒಂದು ಮಳೆಗಾಲ ನಿಮ್ಮ ಅಜ್ಜ ಜ್ವರದಲ್ಲಿ ಹೋದರು. ನಿಮ್ಮ ಅಪ್ಪ ಆಗ ಅಂಬೆಗಾಲಿಡುತ್ತಿದ್ದ. ಅದನ್ನು ಇಲ್ಲಿ ಹೆಚ್ಚು ಬರೆಯಲಾರೆ. ನಾನು ಒಳಮನೆ ಹಿಡಿದು ಕುಳಿತೆ. ಎದುರಿಗೆ ಬಂದರೆ ಅಪಶಕುನ ಎಂದು ಮಂದಿ ದಾರಿ ಬದಲಿಸುವುದನ್ನು ಒಮ್ಮೆ ನೋಡಿದ ಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟೆ. ಹೀಗೇ ಆ ಕತ್ತಲೆಯಲ್ಲೇ ಮುಗಿಯುತ್ತೇನೆ ಎಂದುಕೊಂಡಿದ್ದೆ.

ಸುಗ್ಗಿಯ ಹೊತ್ತಿಗೆ ಕಾಕಾ ಪಡಸಾಲೆಯಲ್ಲಿ ನಿಂತು, ನನಗೂ ಕೇಳಲಿ ಎಂದು, ನನ್ನ ಅತ್ತೆಗೆ ದೊಡ್ಡ ದನಿಯಲ್ಲಿ ಹೇಳಿದರು.

"ವೈನಿ, ನಿಮ್ಮ ಸೊಸೀಗೆ ಒಂದು ಬುಟ್ಟಿ ಕೊಟ್ಟು ಕೆರಿಗೆ ಕಳಸ್ರಿ."

"ಮಂದಿ ಏನಂದಾರೋ ಮಾರಾಯಾ?"

"ಮಂದಿಗೂ ಬುಟ್ಟಿ ಇಟ್ಟೀನಿ."

ನಾನು ಹೋದೆ. ಅಂದಿನಿಂದ ಬೇಸಿಗೆ ಬಂತೆಂದರೆ ದಿನಾ ಹೋದೆ. ಸೆರಗು ಮೂಗಿನವರೆಗೆ ಎಳೆದುಕೊಂಡು ಮಣ್ಣು ಹೊತ್ತೆ. ತಲೆಯ ಮೇಲೆ ಬುಟ್ಟಿ ಇದ್ದಾಗ ಯಾರೂ ನನ್ನನ್ನು ಕಂಡು ದಾರಿ ಬದಲಿಸಲಿಲ್ಲ, ಎಲ್ಲರ ತಲೆಯ ಮೇಲೂ ಬುಟ್ಟಿ ಇತ್ತು. ಕಾಕಾ ಎಂದೂ ಭೇಷ್ ಎನ್ನಲಿಲ್ಲ. "ಏನ್ ತಂಗಿ, ಬುಟ್ಟಿಗೆ ಇವತ್ತ ಉಪವಾಸೇನು? ಅರ್ಧಾ ತುಂಬೀಯಲ್ಲ" ಎನ್ನುತ್ತಿದ್ದರು.

ಕನ್ನಡ ನಾಡೆಲ್ಲ ಒಂದಾದ ವರ್ಷ ಹಿಂಗಾರಿ ಮಳೆ ಮನಸ್ಸು ಬಿಚ್ಚಿ ಸುರಿಯಿತು. ಶಾಲೆಯಲ್ಲಿ ಸಂಭ್ರಮ, ತೋರಣ, ಭಾಷಣ. ಮಾಸ್ತರರು ಕಾಕಾನನ್ನು ಕರೆಯಲು ಏರಿಗೇ ಬಂದರು.

"ನಾಡು ಒಂದಾತು, ಬರ್ರಿ ಕಾಕಾ."

"ಅದು ಆಗೇತಲ್ರಿ. ಇದು ಆಗೂದೈತಿ" ಎಂದು ಕಾಕಾ ನೀರಿನಿಂದ ಕಣ್ಣು ಕೀಳಲಿಲ್ಲ.

ಮಾಸ್ತರರು ಭಾಷಣ ಮುಗಿಸುವುದರೊಳಗೆ ಕೋಡಿ ಹರಿಯಿತು. ಊರು ಶಾಲೆ ಬಿಟ್ಟು ಏರಿಗೆ ಓಡಿತು.

ತುಂಬಿದ ಕೆರೆಗೆ ಉಡಿ ತುಂಬುವುದು ನಮ್ಮಲ್ಲಿ ಪದ್ಧತಿ. ಬಸುರಿ ಹೆಣ್ಣಿಗೆ ತುಂಬಿದ ಹಾಗೆಯೇ ಮೊರದಲ್ಲಿ ಸೀರೆ, ಕುಬಸ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ನೀರಿಗೆ ಬಿಡುತ್ತಾರೆ. ಅದು ಮುತ್ತೈದೆಯರ ಕೆಲಸ. ಎರಡೂ ಊರಿನ ಮುತ್ತೈದೆಯರು ಹೊಸ ಸೀರೆ ಉಟ್ಟು ಹೋದರು. ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕಾಕಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ತಂಗಿ, ಹಿಟ್ಟಿನ ಕೈ ತೊಳಕೊಂಡು ನಡಿ. ಕೆರಿಗೆ ಮೊದಲನೇ ಉಡಿ ನಿನ್ನ ಕೈಲೆ."

"ನಾ ಹೆಂಗ ಬರಲ್ರೀ? ಅಲ್ಲಿ ಮುತ್ತೈದೇರು ಅದಾರ."

"ಅದಾರ. ನೀನೂ ನಡಿ."

ಏರಿಯ ಮೇಲೆ ನನ್ನನ್ನು ಕಂಡದ್ದೇ ಹೆಂಗಸರ ಹಾಡು ನಿಂತಿತು. ಎಲ್ಲರಿಗಿಂತ ಹಿರಿಯ ಅಜ್ಜಿ, "ಇದು ಪದ್ಧತಿ ಅಲ್ಲೋ ಯಪ್ಪಾ" ಎಂದಳು. ನನ್ನ ಕಾಲು ಆಗಲೇ ಹಿಂದಕ್ಕೆ ತಿರುಗಿದ್ದವು. ಈಗ ಕಾಕಾ ಕೂಗಾಡುತ್ತಾರೆ ಎಂದು ಊರೆಲ್ಲ ಅವರತ್ತ ತಿರುಗಿತ್ತು. ಕಾಕಾ ಕೂಗಲಿಲ್ಲ. ಕೈ ಮುಗಿದರು.

"ಯವ್ವಾ, ಈ ಹುಡುಗಿ ಮಣ್ಣು ಹೊತ್ತು ಬರಿದು ಮಾಡಿದ ಜಾಗಾದಾಗ ಇವತ್ತ ನೀರು ನಿಂತೈತಿ. ಆ ನೀರು ಕುಡಿಯಾವ್ರು ನಾವು. ನಿನ್ನ ಕೈಲೆ ಉಡಿ ಬ್ಯಾಡ ಅಂತ ಈಕಿಗೆ ಹೇಳಾಕ ನನಗ ಬಾಯಿ ಬರವಲ್ದು. ನಿಮಗ ಯಾರಿಗರೆ ಬಂದ್ರ ಹೇಳ್ರಿ."

ಪಕ್ಕದೂರಿನ ಗೌಡತಿ ಮುಂದೆ ಬಂದು, ತನ್ನ ಮೊರ ನನ್ನ ಕೈಗಿಟ್ಟು, ಜಾರಿದ ನನ್ನ ಸೆರಗು ಸರಿಮಾಡಿದಳು. ಅಜ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಮೆಟ್ಟಿಲಿಳಿದೆ. ನೀರು ಪಾದ ಮುಟ್ಟಿತು. ಮೊರ ಬಿಟ್ಟೆ. ಅದು ಮುಳುಗದೆ, ಗಾಳಿಗೆ ಮೆಲ್ಲಗೆ ತಿರುಗುತ್ತ ನಡುನೀರಿಗೆ ಹೋಯಿತು.

ಮೇಲೆ ಗಂಡಸರು ಹೊಸ ರುಮಾಲು ಹಿಡಿದು ಕಾಕಾನನ್ನು ಒತ್ತಾಯ ಮಾಡುತ್ತಿದ್ದರು. ಕಾಕಾನ ದನಿ ನನಗೆ ಕೆಳಗೆ ಕೇಳಿಸಿತು.

"ತಡೀರಿ. ಆಕಿ ಮ್ಯಾಲೆ ಬರ್ಲಿ."

ನಾನು ಕಣ್ಣು ಒರೆಸಿಕೊಂಡು ಮೆಟ್ಟಿಲು ಹತ್ತಿ ಬರುವವರೆಗೆ ಕಾಕಾ ಮಳೆಹನಿಯಲ್ಲಿ ಬರಿದಲೆಯಲ್ಲೇ ನಿಂತಿದ್ದರು.

ಕಾಕಾನ ನಗೆಯ ಕಥೆಗಳನ್ನು ಊರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಅವರು ನನಗಾಗಿ ಕಾದು ನಿಂತದ್ದನ್ನು ಯಾರೂ ಹೇಳುವುದಿಲ್ಲ, ನಾನೂ ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ. ಮಕ್ಕಳೇ, ಈ ಹಾಳೆಗಳನ್ನು ನೀರು ತಾಗದ ಕಡೆ, ನಡುವೆ ಒಣ ಬೇವಿನೆಲೆ ಹಾಕಿ ಜೋಪಾನವಾಗಿ ಇಡಿರಿ.