ಅಕ್ಕಯ್ಯಮ್ಮನೂ ಸೊಪ್ಪು ಕೊಚ್ಚುವ ಯಂತ್ರವೂ

ಗೊತ್ತಿಲ್ಲದ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುವುದು ಜನ ತಿಳಿದುಕೊಂಡಿರುವಷ್ಟು ಕಷ್ಟವಲ್ಲ. ಆ ಕೆಲಸಕ್ಕೆ ಸಂಬಂಧಪಟ್ಟ ಹತ್ತು ಹನ್ನೆರಡು ಪದಗಳನ್ನು ಬಾಯಿಪಾಠ ಮಾಡಿಕೊಂಡು, ಎದುರಿಗಿರುವವರು ಪ್ರಶ್ನೆ ಕೇಳುವ ಮೊದಲೇ ಒಂದೊಂದಾಗಿ ಬಿಡುತ್ತಿದ್ದರೆ ಸಾಕು. ಇದನ್ನು ನಾನು ಕಲಿತದ್ದು ಐವತ್ತರ ದಶಕದ ಕೊನೆಯಲ್ಲಿ, ಚಿಕ್ಕಬಳ್ಳಾಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ. ನಾನು ಅಲ್ಲಿ ಹಂಗಾಮಿ ಗುಮಾಸ್ತ. ಕಾರ್ಖಾನೆಯಲ್ಲಿ ಬಾವಿಯ ರಾಟೆ, ಕಬ್ಬಿನ ಗಾಣ, ಕಬ್ಬಿಣದ ನೇಗಿಲು ತಯಾರಾಗುತ್ತಿದ್ದವು. ಗಾಣ ಕೆಟ್ಟರೆ ಅದನ್ನು ಕೊಂಡವನು ಗಾಡಿ ಕಟ್ಟಿಕೊಂಡು ಬಂದು ನಮ್ಮನ್ನು ಬೈಯುತ್ತಿದ್ದ, ನಾವು ಸರಿ ಮಾಡಿಕೊಡುತ್ತಿದ್ದೆವು. ಈ ವ್ಯವಹಾರಕ್ಕೆಲ್ಲ ಇಂಗ್ಲಿಷಿನಲ್ಲಿ ಬೇರೆ ಬೇರೆ ಹೆಸರುಗಳಿವೆ ಎಂಬುದು ನಮಗೆ ತಿಳಿದದ್ದು, ಮ್ಯಾನೇಜರು ಶ್ರೀನಿವಾಸರಾಯರು ಬೊಂಬಾಯಿಯಲ್ಲಿ ಮೂರು ತಿಂಗಳು ತರಬೇತಿ ಮುಗಿಸಿಕೊಂಡು ದಪ್ಪನೆಯ ನೋಟ್‌ಬುಕ್ ಸಮೇತ ಹಿಂತಿರುಗಿದ ಮೇಲೆ.

ರಾಯರ ನೋಟ್‌ಬುಕ್ಕಿನ ಪ್ರಕಾರ ನಾವು ಮಾಡುತ್ತಿದ್ದದ್ದು ಯಂತ್ರವಲ್ಲ, ಪ್ರಾಡಕ್ಟು. ಪ್ರಾಡಕ್ಟಿಗೆ ಯೂಸರ್ ಇರುತ್ತಾನೆ, ಯೂಸರಿಗೆ ರಿಕ್ವೈರ್‌ಮೆಂಟು ಇರುತ್ತದೆ. ಅದರಿಂದ ಫೀಚರುಗಳು ಹುಟ್ಟುತ್ತವೆ. ಮೊದಲು ಮಾಡುವ ಮಾದರಿ ಪ್ರೊಟೊಟೈಪು, ಅದನ್ನು ಯೂಸರ್ ಕೈಗೆ ಕೊಟ್ಟು ನೋಡುವುದು ಟ್ರಯಲ್ಲು. ಈ ಇಡೀ ವಂಶಾವಳಿಯನ್ನು ನೋಡಿಕೊಳ್ಳುವವನು ಪ್ರಾಡಕ್ಟ್ ಇನ್‌ಚಾರ್ಜ್. ಇನ್‌ಚಾರ್ಜ್ ಯಾರೆಂದರೆ ನಾನು, ಏಕೆಂದರೆ ಬೇರೆಯವರಿಗೆಲ್ಲ ಕೆಲಸವಿತ್ತು.

"ರೇಷ್ಮೆ ಹುಳಕ್ಕೆ ಸೊಪ್ಪು ಕೊಚ್ಚೋ ಯಂತ್ರ ಮಾಡೋಣ ಕಣಯ್ಯ," ಎಂದರು ರಾಯರು. "ಯೂಸರ್ ಹತ್ರ ಹೋಗಿ ಏನು ಬೇಕು ಅಂತ ಬರ್ಕೊಂಡು ಬಾ. ಯಂತ್ರ ಒಪ್ಪಿಗೆ ಆದ್ರೆ ನಿನ್ನ ಕೆಲಸ ಕಾಯಂ. ಇಲ್ದಿದ್ರೆ ನೀನೇ ಯೋಚನೆ ಮಾಡು." ನಾನು ಯೋಚನೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ನನ್ನ ಹೆಂಡತಿ ಬಸುರಿ. ಚಿಂತಾಮಣಿಯಿಂದ ನನ್ನ ಮಾವನವರು ಬರೆಯುತ್ತಿದ್ದ ಪ್ರತಿ ಕಾಗದವೂ 'ಕ್ಷೇಮ' ಎಂಬಲ್ಲಿ ಆರಂಭವಾಗಿ 'ಕಾಯಂ ಆಯಿತೇ' ಎಂಬಲ್ಲಿ ಮುಗಿಯುತ್ತಿತ್ತು.

ಜಂಗಮಕೋಟೆಯ ಮುನಿಶಾಮಿಗೌಡರು ದೊಡ್ಡ ಹಿಪ್ಪುನೇರಳೆ ಸೊಪ್ಪಿನ ತೋಟದವರು, ಮೊದಲ ಯಂತ್ರ ಕೊಳ್ಳಲು ಒಪ್ಪಿದ್ದವರು. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ನನ್ನ ಒಂದು ಪ್ರಶ್ನೆಗೂ ಅವರು ತಡವರಿಸಲಿಲ್ಲ. "ನಿಂತ್ಕೊಂಡು ತಿರುಗಿಸೋ ಹಂಗಿರ್ಲಿ ಸಾಮಿ. ಚಕ್ರ ದೊಡ್ಡದಿರ್ಬೇಕು, ಬಂದೋರ ಕಣ್ಣಿಗೆ ಬೀಳ್ಬೇಕು. ಬಣ್ಣ ಹಸಿರು." ಎಲ್ಲವನ್ನೂ ಬರೆದುಕೊಂಡೆ. ಒಬ್ಬ ಮನುಷ್ಯನಿಗೆ ತನ್ನ ಅಗತ್ಯಗಳು ಇಷ್ಟು ಸ್ಪಷ್ಟವಾಗಿರುವುದನ್ನು ಕಂಡು ಸಂತೋಷವಾಯಿತು. ಗೌಡರು ಹುಟ್ಟಿದಾರಭ್ಯ ಒಂದು ಎಲೆಯನ್ನಾದರೂ ಕೊಚ್ಚಿದ್ದಾರೆಯೇ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ನೋಟ್‌ಬುಕ್ಕಿನಲ್ಲಿರಲಿಲ್ಲ.

ಯಂತ್ರ ತಯಾರಾಯಿತು. ನಾಲ್ಕು ಕಬ್ಬಿಣದ ಕಾಲು, ಮೇಲೊಂದು ಹಲಗೆ, ಹಲಗೆಯ ಮೇಲೆ ಬ್ಲೇಡು, ಪಕ್ಕದಲ್ಲಿ ಚಕ್ರ, ಚಕ್ರಕ್ಕೊಂದು ಹಿಡಿ. ಸ್ನಾನ ಮಾಡಿ ಬಂದ ನಾಲ್ಕು ಆಳುಗಳು ಅದನ್ನು ಹೊತ್ತು ತಂದು ಗೌಡರ ಹಿತ್ತಲಿನ ಹುಳದ ಮನೆಗೆ ಇಳಿಸಿದರು. ಹಿಂದೆಯೇ ನಾನು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಗೌಡರ ತಾಯಿ ಅಕ್ಕಯ್ಯಮ್ಮ ಕೈ ಅಡ್ಡ ಹಿಡಿದರು.

"ನಶ್ಯ ಹಾಕ್ತೀಯೇನಪ್ಪಾ?"

ಹಾಕುತ್ತಿದ್ದೆ. ನಮ್ಮದು ಮೂರು ತಲೆಮಾರಿನ ನಶ್ಯದ ಮನೆತನ. ನಮ್ಮ ತಾತ ಪೂಜೆಯ ನಡುವೆಯೂ ಒಂದು ಚಿಟಿಕೆ ಏರಿಸುತ್ತಿದ್ದರು, ದೇವರು ಆಕ್ಷೇಪಿಸಿದ್ದಿಲ್ಲ. ಆದರೆ ರೇಷ್ಮೆ ಹುಳ ದೇವರಷ್ಟು ಉದಾರಿಯಲ್ಲ, ಹೊಗೆಸೊಪ್ಪಿನ ಘಾಟು ತಗುಲಿದರೆ ಸತ್ತೇ ಹೋಗುತ್ತದೆ. ಹುಳದ ಮನೆಗೆ ಸ್ನಾನ ಮಾಡದೆ ಸ್ವಂತ ಮಗನೂ ಹೋಗುವಂತಿಲ್ಲ. "ಒಳಿಕ್ ಬಂದೀಯಾ, ಜೋಕೆ! ಅಲ್ಲೇ ಅಂಗಳದಾಗೆ ನಿಂತ್ಕೋ," ಎಂದು ಅಕ್ಕಯ್ಯಮ್ಮ ಬಾಗಿಲು ಹಾಕಿಕೊಂಡರು. ಹೀಗಾಗಿ ಪ್ರಾಡಕ್ಟ್ ಇನ್‌ಚಾರ್ಜ್ ಆದವನು ತನ್ನ ಪ್ರಾಡಕ್ಟಿನ ಟ್ರಯಲ್ಲನ್ನು ಅಂಗಳದ ಕಲ್ಲಿನ ಮೇಲೆ ಕೂತು ಕಿವಿಯಿಂದಲೇ ನೋಡಬೇಕಾಯಿತು.

ಕೇಳಿದ್ದು ಮಾತ್ರ ಚೆನ್ನಾಗಿತ್ತು. ಒಳಗಿನಿಂದ ಟಕಟಕಟಕ ಎಂದು ಒಂದೇ ಸಮನೆ ಸದ್ದು. ಮೂರು ವಾರ, ವಾರಕ್ಕೊಮ್ಮೆ ಹೋಗಿ ಕೂತು ಬಂದೆ, ಮೂರು ಸಲವೂ ಅದೇ ಸದ್ದು. 'ಯಂತ್ರ ಎಡೆಬಿಡದೆ ಓಡುತ್ತಿದೆ' ಎಂದು ಮೂರೂ ವಾರ ರಿಪೋರ್ಟು ಬರೆದೆ. ರಾಯರು ಹಿಗ್ಗಿ, ಇನ್ನೂ ಇಪ್ಪತ್ತು ಯಂತ್ರಗಳಿಗೆ ಬ್ಲೇಡು, ಚಕ್ರ, ಹಿಡಿಗಳನ್ನು ಮುಂಚಿತವಾಗಿಯೇ ಮಾಡಿಸಿಟ್ಟರು.

ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ವರ್ಣಿಸಿದೆ. ಅವಳು ಹಸಿ ಸೌದೆಯ ಒಲೆ ಊದುತ್ತಾ ಕಣ್ಣೊರೆಸಿಕೊಂಡಳು. "ಈ ಒಲೆ ಹಾಕ್ದೋನು ಒಂದಿನಾನಾದ್ರೂ ಇದರ ಮುಂದೆ ಕೂತು ಅಡಿಗೆ ಮಾಡಿದ್ರೆ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗ್ತಿತ್ತು. ಅದ್ಸರಿ, ಸೊಪ್ಪು ಕೊಚ್ಚೋದು ಗೌಡ್ರಾ?" ಎಂದಳು. ಬೊಂಬಾಯಿಗೆ ಇವಳನ್ನೇ ಕಳಿಸಬಹುದಿತ್ತು ಎನಿಸಿತು.

ಮರುವಾರ ಅಂಗಳದಿಂದಲೇ ಕೂಗಿ ಕೇಳಿದೆ: "ಅಕ್ಕಯ್ಯಮ್ಮನೋರೆ, ಯಂತ್ರ ಹೆಂಗೈತೆ?"

"ಅಯ್ಯೋ ದೇವುಡಾ, ಅದಕ್ಕೇನ್ ಕೇಡು, ಮೂಲೇಲಿ ನಿಂತೈತೆ," ಎಂದು ಒಳಗಿನಿಂದ ಉತ್ತರ ಬಂತು.

"ಮತ್ತೆ ಆ ಟಕಟಕ?"

"ಮಣೆ ಮ್ಯಾಲೆ ಕತ್ತಿ ಕಣಪ್ಪಾ! ನಾನು ಕುಂತ್ಕೊಂಡು ಕೊಚ್ಚೋಳು, ನಿನ್ ಯಂತ್ರದ ಹಿಡಿ ನನ್ ನೆತ್ತಿಗಿಂತ ಮ್ಯಾಕೈತೆ. ಒಂದ್ ದಪ ನಿಂತ್ಕೊಂಡೇ ಕೊಚ್ಚಿದ್ರೆ ನಿಮ್ ಯಂತ್ರದ ಎಣ್ಣೆ ವಾಸ್ನೆಗೆ ಹುಳ ಬಾಯೇ ಹಾಕ್ಲಿಲ್ಲ."

ಅಂದರೆ ಯೂಸರ್ ಗೌಡರಲ್ಲ, ಅಕ್ಕಯ್ಯಮ್ಮ. ಇನ್ನೂ ಆಳಕ್ಕೆ ಹೋದರೆ ಅಕ್ಕಯ್ಯಮ್ಮನೂ ಅಲ್ಲ, ಹುಳ. ಹುಳದ ಅಭಿಪ್ರಾಯ ಬರೆದುಕೊಳ್ಳಲು ನಮ್ಮಲ್ಲಿ ಫಾರಂ ಇರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೂರು ಸುಳ್ಳು ರಿಪೋರ್ಟಿನ ಕೆಳಗೆ ನನ್ನ ರುಜು ಇತ್ತು.

ಅಂದಿನಿಂದ ಸುಧಾರಣೆಗೆ ಇಳಿದೆ. ಕಾಲು ಕತ್ತರಿಸಿ ಗಿಡ್ಡ ಮಾಡಿಸಿದೆ. ಕತ್ತರಿಸಿದ ಕಾಲುಗಳ ಚೂಪು ತುದಿಗಳು ಸಾರಿಸಿದ ಮಣ್ಣು ನೆಲದೊಳಕ್ಕೆ ಇಳಿದವು. ಇಳಿಯದಿರಲೆಂದು ನಾಲ್ಕು ಕಾಲಿಗೂ ಅಡಿಯಲ್ಲಿ ಅಗಲವಾದ ಕಬ್ಬಿಣದ ಬಟ್ಟಲು ಕೂಡಿಸಿದೆವು. ದೊಡ್ಡ ಚಕ್ರ ಹಲಗೆಗೆ ಅಡ್ಡವಾಗುತ್ತದೆ ಎಂದು ಅಕ್ಕಯ್ಯಮ್ಮ ಅದನ್ನು ಬಿಚ್ಚಿಸಿದರು. ಚಕ್ರ ಹೋದ ಮೇಲೆ ಹಿಡಿಗೆ ಕೆಲಸವಿಲ್ಲ, ಅದೂ ಅಂಗಳಕ್ಕೆ ಬಂತು. ಮರುವಾರ ಬ್ಲೇಡು ಬಂತು. ಪ್ರತಿ ಸಲವೂ ನಾನು ಒಂದೊಂದು ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಹೀಗೆ ಬಿಚ್ಚಿ ಉಳಿದದ್ದನ್ನು ಅಕ್ಕಯ್ಯಮ್ಮ ಮೂಲೆಯಿಂದ ಹುಳದ ಮನೆಯ ನಡುವಿಗೆ ಎಳೆದು, ನಾಲ್ಕು ಬಟ್ಟಲಿಗೂ ನೀರು ತುಂಬಿ, ಹಲಗೆಯ ಮೇಲೆ ಹುಳದ ತಟ್ಟೆಗಳನ್ನು ಪೇರಿಸಿದರು. ಹುಳಕ್ಕೆ ಇರುವೆ ಹತ್ತದಿರಲೆಂದು ಆಕೆ ಅದುವರೆಗೆ ಮರದ ಅಟ್ಟಣೆಯ ಕಾಲುಗಳನ್ನು ಮಣ್ಣಿನ ಬಟ್ಟಲಿನ ನೀರಲ್ಲಿ ನಿಲ್ಲಿಸುತ್ತಿದ್ದರಂತೆ. ಬಟ್ಟಲು ಒಡೆಯುತ್ತಿತ್ತು, ಕಾಲು ಕೊಳೆಯುತ್ತಿತ್ತು. ನಮ್ಮದು ಎರಡೂ ಆಗುವಂಥದ್ದಲ್ಲ.

ಅಷ್ಟರಲ್ಲಿ ರಾಯರು ಒಪ್ಪಿಗೆ ಪತ್ರ ಕೇಳಿದರು. ನೋಟ್‌ಬುಕ್ಕಿನ ಪ್ರಕಾರ ಕೊಂಡವರ ರುಜು ಸಾಲದು, ಯೂಸರ್ ಗುರುತೇ ಬೇಕು. ಪತ್ರ ನಾನೇ ಬರೆದೆ: 'ಈ ಯಂತ್ರವು ಸೊಪ್ಪನ್ನು ಸಣ್ಣಗೆ ಕೊಚ್ಚಿ ಬಹಳ ಶ್ರಮ ಉಳಿಸುತ್ತದೆ.' ಅಕ್ಕಯ್ಯಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವರು, "ಏನ್ ಬರ್ದಿದ್ದೀ, ಓದು," ಎಂದರು. ಓದಿದೆ.

"ಇದನ್ನ ನಾನ್ ಯಾವಾಗ ಹೇಳ್ದೆ?"

"ಕಾಯಂ ಆಗೋದಿದೆ ಅಕ್ಕಯ್ಯಮ್ಮನೋರೆ. ಮನೇಲಿ ಬಸುರಿ," ಎಂದೆ. ಅಷ್ಟು ಹೊತ್ತಿಗೆ ನನ್ನ ದನಿಯಲ್ಲಿ ಬಾಯಿಪಾಠದ ಪದಗಳ ಬಲ ಉಳಿದಿರಲಿಲ್ಲ.

ಆಕೆ ಹೆಬ್ಬೆಟ್ಟನ್ನು ಹಿಂದಕ್ಕೆ ಎಳೆದುಕೊಂಡರು. "ಹಂಗಂತ ಹೆಬ್ಬೆಟ್ಟು ಸುಳ್ಳು ಹೇಳಕಾಯ್ತದಾ? ನಾ ಹೇಳ್ದಂಗೆ ಬರಿ. ಇರುವೆ ಹತ್ತಲ್ಲ, ಬಲೇ ಚೆನ್ನಾಗೈತೆ. ಇಂಥವು ಇನ್ನೂ ಮೂರು ಬೇಕು. ಬ್ಲೇಡು ಬ್ಯಾಡ, ಚಕ್ರ ಬ್ಯಾಡ, ಹಿಡಿ ಬ್ಯಾಡ. ನಶ್ಯ ಹಾಕ್ಕೊಂಡು ಈ ಸಾಮಿ ವಾರ ವಾರ ಬರೋದೂ ಬ್ಯಾಡ."

ಬರೆದೆ. ಒತ್ತಿದರು. ಪತ್ರವನ್ನು ರಾಯರ ಮೇಜಿನ ಮೇಲಿಟ್ಟು, ಮಾವನವರಿಗೆ ಬರೆಯಬೇಕಾದ ಕಾಗದವನ್ನು ಮನಸ್ಸಿನಲ್ಲೇ ಒಕ್ಕಣಿಸುತ್ತಾ ನಿಂತೆ. ರಾಯರು ಎರಡು ಸಲ ಓದಿದರು. "ಬೇಡದ ಫೀಚರ್ ತೆಗೆಯೋದೇ ನಿಜವಾದ ಪ್ರಾಡಕ್ಟ್ ಕೆಲಸ ಕಣಯ್ಯ," ಎಂದು ಅದನ್ನೂ ನೋಟ್‌ಬುಕ್ಕಿಗೆ ಸೇರಿಸಿಕೊಂಡರು. ಆ ವರ್ಷ ಶಿಡ್ಲಘಟ್ಟದ ಸುತ್ತಿನಲ್ಲಿ ನಮ್ಮ ಕಾರ್ಖಾನೆಯ ಅಟ್ಟಣೆ ಇಲ್ಲದ ಹುಳದ ಮನೆ ಕಡಿಮೆ.

ಯೂಸರ್ ಹೇಳಿದ್ದರಲ್ಲಿ ಒಂದನ್ನೂ ರಾಯರು ಬಿಡಲಿಲ್ಲ. ಇಪ್ಪತ್ತು ಬ್ಲೇಡು, ಇಪ್ಪತ್ತು ಚಕ್ರ, ಇಪ್ಪತ್ತು ಹಿಡಿಗಳನ್ನು ಕಾರ್ಖಾನೆಯ ಹಿಂದಿನ ಗೋಡೌನಿಗೆ ಸಾಗಿಸಿದರು. ಅದೇ ದಿನ, ಅದೇ ಆರ್ಡರಿನಲ್ಲಿ, ಅವುಗಳನ್ನು ಕಾಯಲು ನನ್ನನ್ನೂ ಅಲ್ಲಿಗೆ ಹಾಕಿದರು. ಕಾಯಂ ಆಗಿ.