ನೀಲಿ ಟೋಪಿಗೆ ಪಣವಿಟ್ಟ ಮೀಸೆ

ಕೂಡ್ಲಿಗಿ ತಾಲ್ಲೂಕಿನಲ್ಲಿ ಬೇಸ್‌ಬಾಲ್ ಬಲ್ಲವನು ನಾನೊಬ್ಬನೇ ಎಂದರೆ ಜಂಬ ಅನ್ನಿಸಬಹುದು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಸೇರಿಸಿಕೊಂಡರೂ ನಾನೊಬ್ಬನೇ. ಹೈಸ್ಕೂಲಿನ ದೈಹಿಕ ಶಿಕ್ಷಕನಾದ ನನ್ನನ್ನು ಹಿಂದೊಮ್ಮೆ ಹತ್ತು ದಿನಗಳ ಬೇಸ್‌ಬಾಲ್ ತರಬೇತಿಗೆ ಕಳಿಸಿದ್ದರು. ಮರಳಿ ಬರುವಾಗ ಒಂದು ಬ್ಯಾಟು, ಎರಡು ಗ್ಲೌಸು, ಒಂದು ಪ್ರಮಾಣಪತ್ರ ಕೊಟ್ಟರು. ಚೆಂಡು ಆಮೇಲೆ ಬರುತ್ತದೆ ಎಂದರು. ಹನ್ನೊಂದು ವರ್ಷವಾಯಿತು, ದಾರಿ ನೋಡುತ್ತಿದ್ದೇನೆ. ಬ್ಯಾಟನ್ನು ನನ್ನ ಹೆಂಡತಿ ಶಾಂತಾ ಮಾಳಿಗೆಗೆ ಬರುವ ಮಂಗಗಳನ್ನು ಹೆದರಿಸಲು ಇಟ್ಟುಕೊಂಡಿದ್ದಾಳೆ.

ಚೆಂಡಿಲ್ಲದ ಕಾರಣ ನಾನು ಆಟ ಬಿಟ್ಟು ವಿಶ್ಲೇಷಣೆಗೆ ಇಳಿದೆ. ಅಮೆರಿಕದವರು ತಮ್ಮ ರಾತ್ರಿಯಲ್ಲಿ ಆಡುವ ಪಂದ್ಯ ನಮಗೆ ಬೆಳಗಿನ ಚಹಾದ ಹೊತ್ತಿಗೆ ಮೊಬೈಲಿನಲ್ಲಿ ಕಾಣುತ್ತದೆ. ನಮ್ಮಲ್ಲಿ ದಸರಾ ಬರುವ ಸುಮಾರಿಗೆ ಅಲ್ಲಿ ಪ್ಲೇಆಫ್ ಶುರು. ಸೋತ ತಂಡ ಮನೆಗೆ, ಗೆದ್ದ ತಂಡ ಮುಂದಕ್ಕೆ. ಕೊನೆಗೆ ಉಳಿದ ಎರಡು ತಂಡಗಳಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರೇ ಚಾಂಪಿಯನ್. ಯಾರು ಗೆಲ್ಲುತ್ತಾರೆಂದು ಮುಂಚಿತವಾಗಿ ಸಾರುವ ಜವಾಬ್ದಾರಿಯನ್ನು ನಾನು ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ.

ನನ್ನ ಕಾರ್ಯಕ್ಷೇತ್ರ ಈರಣ್ಣನ ಕಟಿಂಗ್ ಶಾಪು. ಅಲ್ಲಿ ಕನ್ನಡಿಯ ಮುಂದೆ ಮೊಬೈಲು ನಿಲ್ಲಿಸಿ, ಗಿರಾಕಿಗಳು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಅಲುಗಾಡದೆ ಕೂತಿರುವಾಗ ನಾನು ಆಟ ವಿವರಿಸುತ್ತಿದ್ದೆ. ಎದ್ದು ಹೋಗಲಾಗದ ಶ್ರೋತೃಗಳು ಸಿಗುವುದು ಕಷ್ಟ. ತಂಡಗಳ ಹೆಸರಿಗೆ ಈರಣ್ಣನ ನಾಲಿಗೆ ಹೊರಳುತ್ತಿರಲಿಲ್ಲವಾದ್ದರಿಂದ ಟೋಪಿಯ ಬಣ್ಣದಿಂದ ಗುರುತು ಮಾಡಿಕೊಂಡೆವು. ಆಟಗಾರರು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗುಳುವುದನ್ನು ಅವನು ಕತ್ತರಿ ನಿಲ್ಲಿಸಿ ನೋಡುತ್ತಿದ್ದ.

"ನಾವು ಬೆಳೀತೀವಿ, ಅವರು ಉಗುಳ್ತಾರ," ಎಂದ ಒಂದು ದಿನ. ಬೇಸ್‌ಬಾಲ್ ಬಗ್ಗೆ ಕೂಡ್ಲಿಗಿಯಲ್ಲಿ ನಡೆದ ಗಂಭೀರ ಚರ್ಚೆ ಅಂದರೆ ಇಷ್ಟೇ.

ನನ್ನ ಭವಿಷ್ಯವಾಣಿಗಳು ಪೂರ್ತಿ ವೈಜ್ಞಾನಿಕವಾಗಿದ್ದವು. ಎಸೆಯುವವನ ಭುಜ, ಹೊಡೆಯುವವನ ಮೊಣಕಾಲು, ತರಬೇತುದಾರನ ಮುಖದ ಕಳೆ ಎಲ್ಲವನ್ನೂ ಅಳೆದು ತೂಗಿ ಹೇಳುತ್ತಿದ್ದೆ. ಮೊದಲ ಸುತ್ತಿನಲ್ಲಿ ನಾಲ್ಕು ಹೇಳಿದೆ, ನಾಲ್ಕೂ ತಪ್ಪಿದವು. ಎರಡನೇ ಸುತ್ತಿನಲ್ಲಿ ಇನ್ನಷ್ಟು ಆಳವಾಗಿ ಅಭ್ಯಾಸ ಮಾಡಿದೆ. ಅವೂ ತಪ್ಪಿದವು. ಶಾಂತಾಳ ತವರು ಹರಪನಹಳ್ಳಿ, ಇಲ್ಲಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ.

"ಕಣ್ಣು ಮುಚ್ಚಿ ಹೇಳಿದ್ರೂ ಅರ್ಧ ಸರಿ ಬರ್ತಾವೆ," ಎಂದಳು. "ಎಲ್ಲಾನೂ ತಪ್ಪು ಹೇಳಬೇಕಂದ್ರೆ ಓದಿರಬೇಕು."

ಕೊನೆಗೆ ಉಳಿದದ್ದು ನೀಲಿ ಟೋಪಿ ಮತ್ತು ಕೆಂಪು ಟೋಪಿ. ನೀಲಿಯೇ ಗೆಲ್ಲುತ್ತದೆ ಎಂದು ಈರಣ್ಣನ ಅಂಗಡಿಯಲ್ಲಿ ಎದ್ದು ನಿಂತು ಹೇಳಿದೆ.

"ಈ ಸಲಾನೂ ತಪ್ಪಿದ್ರ ಸರ?" ಎಂದ ಈರಣ್ಣ.

"ತಪ್ಪಿದ್ರ ಈ ಮೀಸಿ ಇರಂಗಿಲ್ಲ!" ಎಂದೆ.

ಈ ಮೀಸೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ತಲೆ ಮೂವತ್ತಕ್ಕೇ ಬಯಲಾಯಿತು. ಆ ನಷ್ಟ ತುಂಬಿಕೊಡಲೆಂಬಂತೆ ಮೂಗಿನ ಕೆಳಗೆ ದಟ್ಟವಾಗಿ ಬೆಳೆದದ್ದು ಇದು. ಹಡಗಲಿ ಹತ್ತಿರದ ನಮ್ಮೂರು ಮಾಗಳದಲ್ಲಿ ಅಣ್ಣನ ಮನೆಯಲ್ಲಿರುವ ಅಪ್ಪನಿಗೂ ಇಂಥದ್ದೇ ಇದೆ, ಬಿಳಿಯದು. ನಮ್ಮಲ್ಲಿ ಅಪ್ಪ ಬದುಕಿರುವವರೆಗೆ ಮಗ ಮೀಸೆ ತೆಗೆಯುವಂತಿಲ್ಲ. ತೆಗೆದ ಅಂದರೆ ಅಪ್ಪ ತೀರಿಕೊಂಡ ಎಂದೇ ನೋಡಿದವರು ತಿಳಿಯುತ್ತಾರೆ. ಅಪ್ಪನಿಗೆ ಎಂಬತ್ತೆರಡು, ಇನ್ನೂ ಗಟ್ಟಿಯಾಗಿದ್ದಾನೆ. ಕೇಳದೆ ಬೇವಿನ ಮರದ ಕೊಂಬೆ ಕಡಿದನೆಂದು, ಒಂದೇ ಮನೆಯಲ್ಲಿದ್ದುಕೊಂಡು, ಅಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ ಮನುಷ್ಯ. ಒಂದು ಕೊಂಬೆಗೆ ಎರಡು ವರ್ಷ. ಇದೆಲ್ಲ ಗೊತ್ತಿದ್ದೂ ಪಣ ಕಟ್ಟಿದೆ, ಯಾಕೆಂದರೆ ಸೋಲುವ ಪ್ರಶ್ನೆಯೇ ಇರಲಿಲ್ಲ.

ಆರು ಪಂದ್ಯಗಳಾದಾಗ ಮೂರು-ಮೂರು. ಏಳನೆಯದು ಗುರುವಾರ ಬೆಳಿಗ್ಗೆ. ಕೊನೆಯ ಸರದಿಯವರೆಗೂ ನೀಲಿ ಟೋಪಿ ಒಂದು ರನ್ ಮುಂದಿತ್ತು. ಇನ್ನೊಬ್ಬ ಔಟಾದರೆ ಮುಗಿಯಿತು. ಆಗ ಕೆಂಪು ಟೋಪಿಯ ಒಬ್ಬ ಬ್ಯಾಟು ಹಿಡಿದು ಬಂದ. ಇವನ ಮೊಣಕಾಲು ಮುಗಿದಿದೆ, ಇವನಿಂದ ಇನ್ನೇನೂ ಆಗದು ಎಂದು ಹಿಂದಿನ ದಿನವಷ್ಟೇ ನಾನು ಘೋಷಿಸಿದ್ದೆ. ಅವನು ಚೆಂಡನ್ನು ಮೈದಾನದ ಆಚೆಗೆ ಕಳಿಸಿದ. ಅವನಿಗಿಂತ ಮೊದಲು ಹೊಡೆದ ಒಬ್ಬ ಅರ್ಧ ದಾರಿಯಲ್ಲಿ ಕಾಯುತ್ತಿದ್ದ, ಇಬ್ಬರೂ ಓಡಿ ಬಂದು ಎರಡು ರನ್ ಆದವು. ಪಂದ್ಯ ಹೋಯಿತು.

ನಾನು ಹೋಗಿ ಕುರ್ಚಿಯಲ್ಲಿ ಕೂತು, "ತಗೀ ಈರಣ್ಣ," ಎಂದೆ.

ಈರಣ್ಣ ಕತ್ತಿಯನ್ನು ಒರೆಸಿ ಒಳಗಿಟ್ಟ. "ಬಿಡ್ರಿ ಸರ, ನಗಾಡಾಕ ಅಂದ ಮಾತು. ನಿಮ್ಮ ಅಪ್ಪಾರು ಚಲೋ ಅದಾರ. ಅವರು ಇರೂತನಕ ನಾ ನಿಮ್ಮ ಮೀಸಿ ಮುಟ್ಟಂಗಿಲ್ಲ."

ಇಲ್ಲಿಗೆ ಮುಗಿಯಬೇಕಿತ್ತು. ಬುದ್ಧಿಯಿದ್ದವನು ಕೈಮುಗಿದು ಮನೆಗೆ ಹೋಗುತ್ತಿದ್ದ. ನಾನು ಮಾತ್ರ, ಕ್ರೀಡಾ ಮನೋಭಾವ ಅಂದರೇನು, ಮಕ್ಕಳಿಗೆ ದಿನಾ ನಾನು ಹೇಳುವುದೇನು, ಕೊಟ್ಟ ಮಾತು ಅಂದರೇನು ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಈರಣ್ಣ ಆಗಲೂ ಒಪ್ಪಲಿಲ್ಲ. ಮನೆಗೆ ಬಂದು ಬಚ್ಚಲಿನ ಚಿಲಕ ಹಾಕಿಕೊಂಡೆ.

"ರೀ, ಒಳಗೆ ಏನ್ ಮಾಡ್ತಿದೀರ?" ಎಂದಳು ಶಾಂತಾ ಹೊರಗಿನಿಂದ.

"ಮಾತು ಉಳಿಸ್ಕೊಳ್ಳಾಕ ಹತ್ತೀನಿ."

"ಮಾವನೋರು ಇದಾರೆ ಅನ್ನೋದು ನೆನಪೈತಾ?"

ನೆನಪಿತ್ತು. ಅದಕ್ಕೇ ಮೊದಲು ಸುಮ್ಮನೆ ಸಣ್ಣದು ಮಾಡೋಣ ಎಂದುಕೊಂಡೆ. ಎಡಗಡೆ ಸ್ವಲ್ಪ ಹೆಚ್ಚು ಹೋಯಿತು. ಸಮ ಮಾಡಲು ಬಲಗಡೆ ತೆಗೆದೆ, ಅದು ಇನ್ನೂ ಹೆಚ್ಚು ಹೋಯಿತು. ಮತ್ತೆ ಎಡಗಡೆ. ಹೀಗೆ ಎರಡೂ ಕಡೆಗೆ ನ್ಯಾಯ ಒದಗಿಸುತ್ತ ಹೋಗಿ, ಕೊನೆಗೆ ಮೂಗಿನ ನೇರ ಕೆಳಗೆ ಬೆರಳಗಲದ ಒಂದು ತುಂಡು ಉಳಿಯಿತು. ಅದನ್ನು ಇಟ್ಟುಕೊಂಡು ಹೈಸ್ಕೂಲಿಗೆ ಹೋಗುವುದು ಸಾಧ್ಯವಿರಲಿಲ್ಲ. ಅದನ್ನೂ ತೆಗೆದೆ.

ಬಾಗಿಲು ತೆಗೆದಾಗ ಶಾಂತಾ ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನನ್ನ ಮೇಲ್ದುಟಿ ನೋಡಿದಳು. ಮೆಚ್ಚಿದಂತೆ ಕಾಣಲಿಲ್ಲ.

"ಮಾವನೋರಿಗೆ ಏನ್ ಹೇಳ್ತೀರ?"

"ಸಂಕ್ರಾಂತಿಗೆ ತಾನ ಊರಿಗೆ ಹೋಗೂದು. ಅಷ್ಟೊತ್ತಿಗೆ ಬೆಳೀತೈತಿ."

ಮೀಸೆಗೆ ಸಂಬಂಧಿಸಿದಂತೆ ಇದು ನನ್ನ ಕೊನೆಯ ಭವಿಷ್ಯವಾಣಿ.

ಬೈಕು ಹೊರಗೆ ತೆಗೆದಾಗ ಎದುರು ಮನೆಯ ಗೌರಮ್ಮ ಅಂಗಳ ಗುಡಿಸುತ್ತಿದ್ದಳು. ನನ್ನ ಮುಖ ನೋಡಿದವಳೇ ಪೊರಕೆ ಬಿಟ್ಟು ಸೆರಗು ಬಾಯಿಗೆ ಹಿಡಿದುಕೊಂಡಳು. ಸೋಲನ್ನು ಗಂಭೀರವಾಗಿ ಸ್ವೀಕರಿಸಿದ ಕ್ರೀಡಾಪಟುವಿನಂತೆ ನಾನು ತಲೆಯಾಡಿಸಿ ಮುಂದೆ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರ ಹಣ್ಣಿನ ತಳ್ಳುಗಾಡಿಯವನು ನನ್ನನ್ನು ಕಂಡು ಎದ್ದು ನಿಂತ. ದಿನಾ ಅಡ್ಡ ನುಗ್ಗುವ ಆಟೋದವನು ದಾರಿ ಬಿಟ್ಟ. ಮಾತಿಗೆ ತಪ್ಪದವನಿಗೆ ಈ ಊರು ಕೊಡುವ ಮರ್ಯಾದೆ ಕಂಡು ನನಗೆ ಹೆಮ್ಮೆಯಾಯಿತು. ಪಣದ ಸಂಗತಿ ಇಡೀ ಕೂಡ್ಲಿಗಿಗೆ ಗೊತ್ತಿದೆ ಎಂದು ನಾನು ನಂಬಿದ್ದೆ. ಗೊತ್ತಿದ್ದದ್ದು ಐದು ಮಂದಿಗೆ, ಅದರಲ್ಲಿ ಇಬ್ಬರು ಪರ ಊರಿನ ಗಿರಾಕಿಗಳು.

ಶಾಲೆಯಲ್ಲಿ ಹೆಡ್‌ಮಾಸ್ತರು ಗೇಟಿನ ತನಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ತಡವಾಗಿ ಬಂದ ದಿನ ಅವರು ಹಾಗೆ ಮಾಡುವವರಲ್ಲ.

"ನಾಗರಾಜ ಸರ, ಇವತ್ತೂ ಬರಬೇಕಿತ್ತೇನ್ರಿ? ಹೋಗ್ರಿ ಮನಿಗೆ. ಹಿಂದ ನಾವೆಲ್ಲ ಅದೀವಿ."

ಅವರ ಹಿಂದೆ ಸ್ಟಾಫಿನವರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ಹನ್ನೊಂದು ವರ್ಷದ ನನ್ನ ದುಡಿಮೆ ವ್ಯರ್ಥವಾಗಲಿಲ್ಲ, ಕೊನೆಗೂ ಈ ಊರಲ್ಲಿ ಬೇಸ್‌ಬಾಲ್ ಬೇರು ಬಿಟ್ಟಿತು ಎಂದುಕೊಂಡೆ. ಎಲ್ಲರಿಗೂ ಕೈಮುಗಿದು ಮನೆಗೆ ಬಂದು, ನಸುಕಿನಲ್ಲೇ ಎದ್ದಿದ್ದರಿಂದ ಮಲಗಿಬಿಟ್ಟೆ.

ಮಧ್ಯಾಹ್ನ ಅಣ್ಣನ ಫೋನು.

"ಲೇ ನಾಗ್ಯಾ, ಎಲ್ಲಿ ಅದೀಯಲೇ?"

"ಮನ್ಯಾಗ. ಮಲಗಿದ್ದೆ."

"ಮಲಗೀಯಾ? ಇಲ್ಲಿ ನಿಮ್ಮ ಸಾಲಿ ಮಾಸ್ತರು ಏಳು ಮಂದಿ ಕ್ರೂಸರ್ ಗಾಡಿ ಮಾಡ್ಕೊಂಡು ಬಂದಾರ. ಕೈಯಾಗ ಆಳೆತ್ತರದ ಹಾರ ಐತಿ. ಅಪ್ಪ ಕಟ್ಟಿ ಮ್ಯಾಲೆ ಕುಂತು ಶೇಂಗಾ ಸುಲಿಯಾಕ ಹತ್ತಿದ್ದ. ಹಾರ ಯಾರಿಗಂತ ಕೇಳಿದ. ಒಬ್ಬರೂ ಬಾಯಿ ಬಿಡವಲ್ರು."

ನನಗೆ ಆಗ ಎಲ್ಲವೂ ಅರ್ಥವಾಯಿತು. ಗೌರಮ್ಮನ ತವರು ಹಡಗಲಿ. ಶಾಲೆಗೂ ನೆಂಟರಿಗೂ ಅವಳ ಫೋನು ನನ್ನ ಬೈಕಿಗಿಂತ ಜೋರಾಗಿ ಓಡಿತ್ತು. ತಲೆಯಂತೂ ಮೊದಲಿಂದ ಬೋಳು, ಮೀಸೆಯೂ ಹೋದ ಮೇಲೆ ನನ್ನನ್ನು ನೋಡಿದವರಿಗೆ ಇನ್ನು ಯಾವ ಸಂಶಯಕ್ಕೂ ಜಾಗವಿರಲಿಲ್ಲ.

"ಅಪ್ಪಗ ಗೊತ್ತಾತೇನು?" ಎಂದೆ.

"ಕೊಟ್ಟೂರು ಚಿಗವ್ವ ಓಣಿ ತುಂಬ ಅತ್ತುಕೊಂತ ಬಂದ್ಲು. ಕಟ್ಟಿ ಮ್ಯಾಲೆ ಅಪ್ಪನ್ನ ನೋಡಿ ಅಲ್ಲೇ ಕುಸಿದ್ಲು. ಆವಾಗ ಗೊತ್ತಾತು. ನೀ ಬರಬೇಕಂತ ಹೇಳ್ಯಾನ. ಮೀಸಿ ನೋಡಬೇಕಂತ."

ಪಣದ ಕಥೆಯನ್ನೆಲ್ಲ ಅಣ್ಣನಿಗೆ ಹೇಳಿ ಫೋನಿಟ್ಟೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಎಂಬತ್ತೆರಡರ ಅಪ್ಪ ಇನ್ನು ಎಷ್ಟು ವರ್ಷ ಇರುತ್ತಾನೋ, ಅವನು ಮಾತು ಬಿಟ್ಟರೆ ಆ ವರ್ಷಗಳೆಲ್ಲ ಮೌನದಲ್ಲೇ ಹೋಗುತ್ತವೆ. ಕೊಂಬೆಗೆ ಎರಡು ವರ್ಷವಾದರೆ ಜೀವಂತ ಇರುವಾಗಲೇ ಸತ್ತನೆಂದು ಸಾರಿದವನಿಗೆ ಎಷ್ಟು? ಶಾಂತಾಳನ್ನು ಕೇಳಲಿಲ್ಲ. ಅವಳು ಲೆಕ್ಕ ಹಾಕಿ ಹೇಳಿಬಿಡುತ್ತಾಳೆ.

ಶಾಂತಾ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ಹಗರಿಬೊಮ್ಮನಹಳ್ಳಿ, ಹಡಗಲಿ ದಾಟಿ ಬಸ್ಸಿನಲ್ಲಿ ಹೋಗುವಷ್ಟು ಹೊತ್ತೂ ನಾನು ಕರ್ಚೀಪು ಬಾಯಿಗೆ ಹಿಡಿದುಕೊಂಡೇ ಕೂತಿದ್ದೆ.

"ಮುಚ್ಚಿಟ್ರೆ ಬೇಗ ಬೆಳೆಯಲ್ಲ," ಎಂದಳು ಅವಳು. ದಾರಿಯಲ್ಲಿ ಆಡಿದ್ದು ಅದೊಂದೇ ಮಾತು.

ಮಾಗಳದ ಮನೆಯ ಮುಂದೆ ಚಾಪೆ ಹಾಸಿತ್ತು. ಮಾಸ್ತರುಗಳು ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರು. ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಅತ್ತು ಸುಸ್ತಾಗಿ ಮಂಡಕ್ಕಿ ತಿನ್ನುತ್ತಿದ್ದಳು. ಅಪ್ಪ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಹಾರವನ್ನು ಅವನು ಹಿಂದಕ್ಕೆ ಕೊಟ್ಟಿರಲಿಲ್ಲ. ನನಗ ತಂದದ್ದು ನನ್ನ ಹತ್ರ ಇರಲಿ ಎಂದು ಪಕ್ಕದಲ್ಲೇ ಇಟ್ಟುಕೊಂಡಿದ್ದನಂತೆ. ಬದುಕಿದ್ದಾನೆಂದು ಚೆನ್ನಾಗಿ ಗೊತ್ತಿದ್ದರೂ, ಆ ಬಿಳಿ ಮೀಸೆ ಕಂಡ ಕೂಡಲೇ ನನಗೆ ಕಣ್ಣು ತುಂಬಿ ಬಂತು.

"ಕರ್ಚೀಪು ತಗೀ," ಎಂದ ಅಪ್ಪ.

ತೆಗೆದೆ. ಅಪ್ಪ ಬಹಳ ಹೊತ್ತು ನೋಡಿದ.

"ಆಟದಾಗ ಸೋತೆಂತ. ಯಾರು ಸೋತ್ರು?"

"ನೀಲಿ ಟೋಪಿಯವರು."

"ನಮ್ಮವರೇನು?"

"ಅಲ್ಲಪ್ಪ. ಅಮೆರಿಕದವರು."

"ಗೆದ್ದವರು?"

"ಅವರೂ ಅಮೆರಿಕದವರ."

ಅಪ್ಪ ಮಾಸ್ತರುಗಳ ಕಡೆ ನೋಡಿದ. "ಅಂದ್ರ ಅವರವರೇ ಆಡ್ಯಾರ, ಅವರವರೇ ಸೋತಾರ. ನಡುವ ಇವ ನನ್ನ ಸಾಯಿಸ್ಯಾನ."

ಅಪ್ಪನ ತುಟಿ ಬಿಗಿಯಿತು. ಕೊಂಬೆ ಕಡಿದ ದಿನವೂ ಹೀಗೇ ಬಿಗಿದಿತ್ತು ಎಂದು ಅಣ್ಣ ಆಮೇಲೆ ಹೇಳಿದ. ಮಾತು ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅಪ್ಪನ ಕಣ್ಣು ಹೆಡ್‌ಮಾಸ್ತರ ಅಂಗಿಯ ಜೇಬಿನ ಮೇಲೆ ಬಿತ್ತು.

"ಮಾಸ್ತರ, ಅದೇನ್ರಿ ಕಾಗದ?"

ಹೆಡ್‌ಮಾಸ್ತರು ಜೇಬು ಮುಚ್ಚಿಕೊಂಡರು. ಅದು ಶ್ರದ್ಧಾಂಜಲಿಯ ನುಡಿ. ಇಂಥವನ್ನು ಬರೆಯುವುದರಲ್ಲಿ ಅವರದು ಎತ್ತಿದ ಕೈ. ಕ್ರೂಸರಿನಲ್ಲೇ, ಹಡಗಲಿ ಬರುವಷ್ಟರಲ್ಲಿ ಬರೆದು ಮುಗಿಸಿದ್ದರು.

"ನನ್ನ ಬಗ್ಗೆ ಬರದದ್ದು ನಾ ಕೇಳಬಾರದೇನು? ಓದ್ರಿ," ಎಂದ ಅಪ್ಪ.

ಹೆಡ್‌ಮಾಸ್ತರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ದಿವಂಗತ..."

"ಅದು ಬಿಟ್ಟು ಓದ್ರಿ."

ಬಿಟ್ಟು ಓದಿದರು. ಸರಳ ಜೀವಿ, ಶ್ರಮ ಜೀವಿ, ಹೊಳೆಯ ದಂಡೆಯ ಮಣ್ಣಿನಲ್ಲಿ ಬೆವರು ಸುರಿಸಿದವರು, ಯಾರ ಮುಂದೆಯೂ ತಲೆಬಾಗದವರು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ತಲೆಬಾಗದ ಭಾಗವನ್ನು ಇನ್ನೊಮ್ಮೆ ಓದಿಸಿದ. ಚಿಗವ್ವ ಖರೆ ಐತಿ, ಖರೆ ಐತಿ ಎನ್ನುತ್ತ ಮತ್ತೆ ಅಳಲು ಶುರುಮಾಡಿದಳು. ಬಿಗಿದ ತುಟಿ ಸಡಿಲಾಗುವುದು ನನಗೆ ಕಂಡಿತು. ಇವರ ಉಪಕಾರ ಈ ಜನ್ಮದಲ್ಲಿ ತೀರಿಸಲಾರೆ ಎಂದು ಹೆಡ್‌ಮಾಸ್ತರಿಗೆ ಮನಸ್ಸಿನಲ್ಲೇ ಕೈಮುಗಿದೆ.

"ನಾಗರಾಜರಂಥ ವಿವೇಕಿ ಪುತ್ರನನ್ನು ಸಮಾಜಕ್ಕೆ ನೀಡಿದ ಧನ್ಯ ಜೀವಿ..."

ಅಪ್ಪ ಕಣ್ಣು ಬಿಟ್ಟು ಕೈ ಎತ್ತಿದ.

"ಆ ಸಾಲು ತಗೀರಿ."

ಹೆಡ್‌ಮಾಸ್ತರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಉಳಿದದ್ದೆಲ್ಲ ಚಲೋ ಬರದೀರಿ," ಎಂದ ಅಪ್ಪ. "ಜ್ವಾಕಿ ಇಟ್ಕೊಳ್ರಿ, ಮುಂದ ಬೇಕಾಗ್ತೈತಿ. ಆ ಸಾಲು ಮಾತ್ರ ಈಗ ಹೊಡದ ಹಾಕ್ರಿ, ನನ್ನ ಕಣ್ಣ ಮುಂದ."

ಹೆಡ್‌ಮಾಸ್ತರು ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಗೆರೆ ಎಳೆದರು. ಪೆನ್ನು ಮೂಡಲಿಲ್ಲ. ಕೊಡವಿದರು, ಆಗಲೂ ಮೂಡಲಿಲ್ಲ. ಎಲ್ಲರೂ ತಮ್ಮ ತಮ್ಮ ಜೇಬು ತಡಕಿಕೊಂಡರು.

ಪೆನ್ನು ಇದ್ದದ್ದು ನನ್ನ ಹತ್ತಿರ. ಕೊಟ್ಟೆ.