ಮೂಡಲಗಿಯ ಬೀಗರಿಗಾಗಿ ನಾನು ಪಾಲೀಶ್ ಮಾಡಿದ ಕುರ್ಚಿ

ನನಗೆ ಶಂಕ್ರೆಪ್ಪನ ಮೇಲೆ ಹೊಟ್ಟೆಕಿಚ್ಚು ಎಂದು ಓಣಿಯವರು ಹೇಳುತ್ತಿದ್ದರು. ಅದು ನಿಜ. ಗೋಕಾಕದ ನಮ್ಮ ಓಣಿಯಲ್ಲಿ ಕೈಯಿರುವ ಕುರ್ಚಿಗಳು ಆಗ ಎರಡೇ: ಒಂದು ನನ್ನದು, ಇನ್ನೊಂದು ಪಕ್ಕದ ಮನೆಯ ಶಂಕ್ರೆಪ್ಪನದು. ಎರಡನ್ನೂ ಮಾಡಿದ ಬಡಿಗ ಒಬ್ಬನೇ. ಆದರೆ ಮಾಮಲೇದಾರ ಸಾಹೇಬರು ಬಂದರೆ ಅವನ ಕುರ್ಚಿ, ಸ್ವಾಮಿಗಳು ಬಂದರೆ ಅವನ ಕುರ್ಚಿ! ಅವನದು ಫಳಫಳ ಹೊಳೆಯುತ್ತಿತ್ತು. ನನ್ನದರ ಮೇಲೆ ನಮ್ಮ ಬೆಕ್ಕು ಮಲಗುತ್ತಿತ್ತು, ಅದೂ ಮನಸ್ಸು ಬಂದಾಗ.

ಹೀಗಿರುವಾಗ ಮಗಳು ಗಂಗಾಳನ್ನು ನೋಡಲು ಮೂಡಲಗಿಯಿಂದ ವರನ ತಂದೆ ಸಂಗಪ್ಪನವರು ಬರುವುದು ನಿಶ್ಚಯವಾಯಿತು. ಕೈಬಿಡುವಂಥ ಸಂಬಂಧವಲ್ಲ.

"ಶಂಕ್ರೆಪ್ಪಣ್ಣನ ಕುರ್ಚಿ ಇಸ್ಕೊಂಡ್ ಬರ್ರಿ," ಎಂದಳು ನನ್ನ ಹೆಂಡತಿ ನೀಲವ್ವ.

"ನಮ್ಮ ಬೀಗರು ಅವನ ಕುರ್ಚಿ ಮ್ಯಾಗ ಕುಂದರೂದ? ನಮ್ಮ ಕುರ್ಚಿಗೆ ನಾನ ಪಾಲೀಶ ಮಾಡ್ತೇನಿ!"

"ನಿಮಗ ಬರ್ತೈತೇನ್ರಿ?"

"ಅಂವಗ ಬರ್ತೈತಿ ಅಂದ್ರ ನನಗ ಬರೂದಿಲ್ಲೇನು?"

ಕೇಳಿದ್ದರೆ ಶಂಕ್ರೆಪ್ಪ ಸಂತೋಷದಿಂದ ಹೇಳಿಕೊಡುತ್ತಿದ್ದ. ಅದಕ್ಕೇ ನಾನು ಕೇಳಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ಇಣುಕಿ ನೋಡಿ ಆ ವಿದ್ಯೆಯನ್ನು ಮೊದಲೇ ಸಂಪಾದಿಸಿದ್ದೆ. ಅವನು ಕೆಂಪು ಮಿಶ್ರಿತ ಹಳದಿ ಚೂರುಗಳನ್ನು ನೀರಿನಂಥದ್ದರಲ್ಲಿ ನೆನೆಸಿ, ಬಟ್ಟೆಯ ಉಂಡೆಯಿಂದ ಕಟ್ಟಿಗೆಗೆ ತಿಕ್ಕುತ್ತಿದ್ದ. ಅಂಥ ಚೂರುಗಳು ನಮ್ಮ ಅಡುಗೆಮನೆಯಲ್ಲೇ ಡಬ್ಬಿ ತುಂಬ ಇದ್ದವು: ಕರದಂಟಿಗೆ ಹಾಕುವ ಅಂಟು! ಗೋಕಾಕದವನ ಮನೆಯಲ್ಲಿ ಅಂಟಿಗೆ ಬರವೇ?

ಅವನು ನೆನೆಸುತ್ತಿದ್ದದ್ದು ಅರಗು, ಆ ನೀರು ಸ್ಪಿರಿಟು ಎಂದು ನನಗೆ ತಿಳಿದದ್ದು ಆಮೇಲೆ. ನಾನು ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಒಂದು ಕೈ ಹಚ್ಚಿದೆ. ಹೊಳಪು ಬಂತು. ಆದರೆ ಶಂಕ್ರೆಪ್ಪನ ಕುರ್ಚಿಯ ಕೆಂಪು ಬರಲಿಲ್ಲ. ನಾನು ಅವನಿಗಿಂತ ಕಡಿಮೆಯಾಗುವುದೆಂದರೇನು! ಬೆಲ್ಲದ ಪಾಕ ಮಾಡಿ ಕೂಡಿಸಿ, ಇನ್ನೂ ಮೂರು ಕೈ ಹಚ್ಚಿದೆ.

ನೀಲವ್ವ ಕುರ್ಚಿಯನ್ನು ಬೆರಳಿಂದ ಮುಟ್ಟಿ, ಬೆರಳನ್ನು ನೆಕ್ಕಿ ನೋಡಿದಳು.

"ಕೊಬ್ಬರಿ, ಉತ್ತತ್ತಿ ಅಷ್ಟ ಕಡಿಮಿ ಅದಾವ್ರಿ," ಎಂದಳು.

ಮರುದಿನ ಮಧ್ಯಾಹ್ನ ಸಂಗಪ್ಪನವರು ಬೆವರು ಸುರಿಸುತ್ತ ಬಂಡಿಯಿಂದ ಇಳಿದರು. "ಬರ್ರಿ, ಬರ್ರಿ! ನಮ್ಮ ಕುರ್ಚಿ ಮ್ಯಾಲೆ ಕುಂದರ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಅಂಗಳದಲ್ಲಿ ಕೂರಿಸಿದೆ. ತನ್ನ ಕಟ್ಟೆಯ ಮೇಲಿದ್ದ ಶಂಕ್ರೆಪ್ಪನ ಕಡೆಗೊಮ್ಮೆ ನೋಡಿದೆ. ಮಗಳ ಮದುವೆ ಆ ಕ್ಷಣವೇ ನಿಶ್ಚಯವಾಗಿದ್ದರೂ ನನಗೆ ಅಷ್ಟು ಆನಂದವಾಗುತ್ತಿರಲಿಲ್ಲ.

ಗಂಗಾ ಚಹಾ ತಂದುಕೊಟ್ಟಳು. ಸಂಗಪ್ಪನವರ ಮುಖದಲ್ಲಿ ಒಪ್ಪಿಗೆ ಕಂಡಿತು. ಕುರ್ಚಿಯ ಕಾಲಗುಂಟ ಕೆಂಪಿರುವೆಗಳ ಸಾಲೂ ಕಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು "ಯಪ್ಪೋ!" ಎಂದು ಜಿಗಿದೆದ್ದರು.

ಕುರ್ಚಿಯೂ ಎದ್ದಿತು!

ಧೋತರ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅವರು ಅಂಗಳದಲ್ಲಿ ಒಂದು ಸುತ್ತು ಹಾಕಿದರು. ಕುರ್ಚಿಯೂ ಸುತ್ತು ಹಾಕಿತು. ನಾನು ಹಿಂದಿನಿಂದ ಅದನ್ನು ಹಿಡಿದು ಎಳೆದೆ.

"ಜಗ್ಗಬ್ಯಾಡ್ರಿ! ಧೋತರ ಬಿಚ್ಚತೈತಿ!" ಎಂದು ಬೀಗರಾಗಬೇಕಾದವರು ಚೀರಿದರು.

ಶಂಕ್ರೆಪ್ಪ ಬಿಸಿನೀರಿನ ತಂಬಿಗೆ ಹಿಡಿದು ಓಡಿ ಬಂದ. ಮೆಲ್ಲಗೆ ನೀರು ಹನಿಸಿ ಬಿಡಿಸಿದ, ಇರುವೆ ಕೊಡವಿದ, ತನ್ನದೊಂದು ಮಡಿ ಧೋತರ ಕೊಟ್ಟ, ತನ್ನ ಕುರ್ಚಿ ತಂದು ಕೂರಿಸಿದ. ಅವನ ಮುಖದಲ್ಲಿ ಒಂದಿಷ್ಟೂ ನಗುವಿರಲಿಲ್ಲ. ನಕ್ಕಿದ್ದರೆ ನನ್ನ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲ.

ಸಂಗಪ್ಪನವರು ನೀರು ಕುಡಿದು ಸುಧಾರಿಸಿಕೊಂಡರು.

"ಹುಡಗಿ ಪಸಂದ ಐತ್ರಿ," ಎಂದರು. "ಆದ್ರ ಒಂದ ಮಾತು. ಲಗ್ನದಾಗ ನೀವು ಯಾವ ಕೆಲಸಕ್ಕೂ ಕೈ ಹಚ್ಚಬ್ಯಾಡ್ರಿ. ಎಲ್ಲಾ ಈ ಶಂಕ್ರೆಪ್ಪನವರ ನೋಡ್ಲಿ."

ಹಾಗೆಯೇ ಆಯಿತು. ಹಂದರದಿಂದ ಹಿಡಿದು ಹೋಳಿಗೆಯವರೆಗೆ ಎಲ್ಲಕ್ಕೂ ಶಂಕ್ರೆಪ್ಪನೇ ಓಡಾಡಿದ. ಬೀಗರ ಕಡೆಯ ಅರ್ಧ ಜನ ಅವನೇ ಹುಡುಗಿಯ ಅಪ್ಪ ಎಂದು ತಿಳಿದರು. ನಾನು ಹೊಸ ರುಮಾಲು ಸುತ್ತಿಕೊಂಡು ಕಂಬಕ್ಕೆ ಒರಗಿ ನಿಂತಿದ್ದೆ. ಮೂಡಲಗಿಯ ಒಬ್ಬ ಮುದುಕಿ ಹತ್ತಿರ ಬಂದಳು.

"ಯಪ್ಪಾ, ನೀ ಶಂಕ್ರೆಪ್ಪನವರ ಮನಿ ಆಳೇನು? ಒಂದೀಟು ನೀರು ಕೊಡು."

ತಂದುಕೊಟ್ಟೆ. ಮಗಳ ಮದುವೆಯಲ್ಲಿ ನನ್ನ ಕೈಯಿಂದ ಆದ ಕೆಲಸ ಅದೊಂದೇ!